ಆಕರಗಳು ಹೈದರಾಬಾದಿನಲ್ಲಿ, ಓದಬಲ್ಲವರು ಎಲ್ಲಿ?

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ ತಿಂಗಳಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆಯನ್ನಿತ್ತಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ಸಂಶೋಧನ ನಿಯತಕಾಲಿಕೆಗಳು ದೇಶದ ಆರು ಸಾವಿರಕ್ಕೂ ಮಿಕ್ಕಿದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಗಣಕಯಂತ್ರದ ಮೂಲಕ ದೊರೆಯುವಂತಾಯಿತು. ಸಣ್ಣ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೋ ವೈದ್ಯಶಾಸ್ತ್ರವನ್ನೋ ಅಭ್ಯಸಿಸುವ ತರುಣ ತರುಣಿಯರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಅದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ ಬೀದರ ಜಿಲ್ಲೆಯ ಇನಾಮು ಭೂಮಿಗಳ ಇತಿಹಾಸವನ್ನು ಬರೆಯಹೊರಟ ಕನ್ನಡ ಸಂಶೋಧಕನಿಗೆ ಈ ಹದಿಮೂರು ಸಾವಿರ ಪತ್ರಿಕೆಗಳಲ್ಲಿ ಎಷ್ಟು ಪ್ರಯೋಜನಕ್ಕೆ ಬಂದಾವು? ಅವನಿಗೆ ಬೇಕಾದ ಕಾಗದವು ತಾರ್ನಾಕದ ಸರ್ಕಾರಿ ಪತ್ರಾಗಾರದಲ್ಲಿ ಬಟ್ಟೆಯ ಗಂಟಿನೊಳಗೆ, ಉರ್ದು ಅಥವಾ ಫಾರಸಿ ಭಾಷೆಯಲ್ಲಿ, ಯಾವ ಪ್ರಕಾಶಕನ ಚಂದಾಕ್ಕೂ ಒಳಪಡದೆ ಕುಳಿತಿದೆ. ಹೈದರಾಬಾದಿನಲ್ಲಿ ನೆಲೆನಿಂತ ಕನ್ನಡಿಗರಾದ ನಾವು ಈ ವಿಷಯದಲ್ಲಿ ಕೇವಲ ಪ್ರೇಕ್ಷಕರಾಗಿ ಉಳಿಯುವಂತಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಕನ್ನಡ ನಾಡನ್ನು ಸೇರಿದವು. ಆ ಜಿಲ್ಲೆಗಳನ್ನು ಆಳಿದ ಸಂಸ್ಥಾನದ ರಾಜಧಾನಿ ಮತ್ತು ಅದರ ದಫ್ತರ ಮಾತ್ರ ನಮ್ಮ ಊರಿನಲ್ಲಿಯೇ ಉಳಿದುಕೊಂಡವು.

ಸಂಶೋಧಕರು ತಮಗೆ ಬೇಕಾದ ಮಾಹಿತಿಯನ್ನು ವಾಸ್ತವವಾಗಿ ಹೇಗೆ ಹುಡುಕುತ್ತಾರೆ ಎಂಬುದೇ ಒಂದು ಅಧ್ಯಯನದ ವಿಷಯವಾಗಿ ಬೆಳೆದಿದೆ. 1989ರಲ್ಲಿ ಇಂಗ್ಲೆಂಡಿನ ಡೇವಿಡ್ ಎಲ್ಲಿಸ್ ಅವರು ಸಮಾಜವಿಜ್ಞಾನಿಗಳ ಓದಿನ ಕ್ರಮವನ್ನು ಪರಿಶೀಲಿಸಿ ಒಂದು ಸಂಗತಿಯನ್ನು ಗುರುತಿಸಿದರು. ಒಂದು ಲೇಖನದ ಅಡಿಟಿಪ್ಪಣಿಯಿಂದ ಮತ್ತೊಂದು ಗ್ರಂಥಕ್ಕೆ, ಆ ಗ್ರಂಥದ ಅಡಿಟಿಪ್ಪಣಿಯಿಂದ ಮಗುದೊಂದಕ್ಕೆ, ಹೀಗೆ ಸರಪಳಿಯ ಕೊಂಡಿಗಳನ್ನು ಹಿಡಿದು ಸಾಗುವುದು ವಿದ್ವಾಂಸರ ಮುಖ್ಯ ಮಾರ್ಗಗಳಲ್ಲೊಂದು ಎಂಬುದೇ ಆ ಸಂಗತಿ. ಇತಿಹಾಸಕಾರರನ್ನು ಕುರಿತ ನಂತರದ ಅಧ್ಯಯನಗಳೂ ಇದನ್ನೇ ಹೇಳಿದವು. ಸೂಚಿಯನ್ನು ಶಾಸ್ತ್ರೋಕ್ತವಾಗಿ ತೆರೆದು ಹುಡುಕುವುದಕ್ಕಿಂತ, ಹಿರಿಯ ಗೆಳೆಯರೊಬ್ಬರು ‘ಅಲ್ಲಿ ಹೋಗಿ ನೋಡು’ ಎಂದದ್ದೇ ಎಷ್ಟೋ ಸಲ ದಾರಿಯಾಗುತ್ತದೆ. ಇದರಲ್ಲಿ ಅಚ್ಚರಿಪಡತಕ್ಕದ್ದೇನೂ ಇಲ್ಲ. ಕನ್ನಡದ ಪಂಡಿತರು ಹಿಂದಿನಿಂದಲೂ ನಡೆದು ಬಂದ ದಾರಿಯೇ ಇದು. ತೊಂದರೆ ಉಂಟಾಗುವುದು ಸರಪಳಿಯ ಒಂದು ಕೊಂಡಿ ನಮಗೆ ಓದಲು ಬಾರದ ಭಾಷೆಯಲ್ಲಿದ್ದಾಗ, ಇಲ್ಲವೆ ನಾವು ಹೋಗದ ಊರಿನಲ್ಲಿದ್ದಾಗ.

ಪಂಪನ ವಿಷಯವನ್ನೇ ತೆಗೆದುಕೊಳ್ಳೋಣ. ಆದಿಕವಿಯೆಂದು ನಾವು ಕೊಂಡಾಡುವ ಈ ಮಹಾಕವಿಯು 941ರಲ್ಲಿ ಆದಿಪುರಾಣವನ್ನು ರಚಿಸಿದನು. ಅವನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿಯು ವೇಮುಲವಾಡದ ಚಾಲುಕ್ಯ ದೊರೆ. ವೇಮುಲವಾಡವು ಇಂದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ನಮ್ಮ ಬಾಂಧವರಲ್ಲಿ ಅನೇಕರು ಅಲ್ಲಿಯ ರಾಜರಾಜೇಶ್ವರನ ದರ್ಶನಕ್ಕೆ ಹೋಗಿಬರುವವರೇ. ಅಲ್ಲಿಂದ ಬಹುದೂರವಲ್ಲದ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರ್ಕ್ಯಾಲವೆಂಬ ಗ್ರಾಮವಿದೆ. ಅದರ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಜೈನ ಮೂರ್ತಿಗಳನ್ನೂ ಚಕ್ರೇಶ್ವರಿಯನ್ನೂ ಕಂಡರಿಸಿ, ಕೆಳಗೆ ಶಾಸನವೊಂದನ್ನು ಕೊರೆಸಲಾಗಿದೆ. ಕೊರೆಸಿದವನು ಜಿನವಲ್ಲಭ, ಪಂಪನ ತಮ್ಮ.

ಹತ್ತನೆಯ ಶತಮಾನದ ನಡುಭಾಗಕ್ಕೆ ಸೇರಿದ ಈ ಒಂದೇ ಬರಹದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕವಿಯ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂದು ಅದು ತಿಳಿಸುತ್ತದೆ. ತಾಯಿಯ ಕಡೆಯಿಂದ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದ ಸಂಬಂಧವನ್ನೂ ಹೇಳುತ್ತದೆ. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಳಾಸವೆಂಬ ತೋಟ ಇವುಗಳ ಹೆಸರುಗಳೂ ಅಲ್ಲಿವೆ. ಕವಿಯ ಬಿರುದನ್ನು ಹೊತ್ತ ಕೆರೆ! ಪಂಪನ ಮನೆಯವರನ್ನು ಕುರಿತು ಕಾವ್ಯದಲ್ಲಿ ನಮಗೆ ದೊರೆಯದ ವಿವರಗಳು ಇಲ್ಲಿ ಕಲ್ಲಿನ ಮೇಲೆ ದೊರೆತಿವೆ. ಅತ್ತ ತೆಲುಗು ವಿದ್ವಾಂಸರಿಗೂ ಇದು ಅಷ್ಟೇ ಅಮೂಲ್ಯ. ಅದರಲ್ಲಿರುವ ಮೂರು ಕಂದಪದ್ಯಗಳು ತೆಲುಗಿನ ಅತಿ ಪ್ರಾಚೀನ ಕಂದಪದ್ಯಗಳೆಂದು ಅವರು ಎಣಿಸುತ್ತಾರೆ. 2008ರಲ್ಲಿ ಕನ್ನಡ ಮತ್ತು ತೆಲುಗುಗಳಿಗೆ ಒಟ್ಟಿಗೆ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆಯಿತಷ್ಟೆ. ಒಂದೇ ಬಂಡೆಯನ್ನು ಎರಡು ಭಾಷೆಗಳವರೂ ತಮ್ಮದೆನ್ನಬಹುದಾದ ಇಂಥ ನಿದರ್ಶನ ವಿರಳ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಶಾಸನಗಳೆಂದೊಡನೆ ಕನ್ನಡದ ವಿದ್ಯಾರ್ಥಿಯ ಕೈ ಮೊದಲು ಹೋಗುವುದು ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಕಡೆಗೆ. ಅವು ಹಳೆಯ ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಶಾಸನಗಳಿಗಾಗಿ ಹುಟ್ಟಿದ ಸಂಪುಟಗಳು. ಜಿನವಲ್ಲಭನ ಬಂಡೆ ಅಲ್ಲಿ ಸಿಕ್ಕುವುದಿಲ್ಲ. ಅದು ಬೆಳಕಿಗೆ ಬಂದದ್ದು ಹೈದರಾಬಾದಿನಿಂದ ಆಂಧ್ರಪ್ರದೇಶದ ಪುರಾತತ್ತ್ವ ಇಲಾಖೆಯು ಹೊರತರುತ್ತಿದ್ದ ‘ಎಪಿಗ್ರಾಫಿಯಾ ಆಂಧ್ರಿಕಾ’ದ ಮೂಲಕ. ತೆಲುಗು ನಾಡಿನ ಶಾಸನತಜ್ಞರ ಒಡನಾಟವಿದ್ದ ಕನ್ನಡ ವಿದ್ವಾಂಸರಿಗೆ ಅದು ತಲುಪಿತು, ಅವರಿಂದ ಉಳಿದವರಿಗೆ. ಇಂದು ಪಂಪನನ್ನು ಕುರಿತು ಬರೆಯುವವರಲ್ಲಿ ಬಹುಮಂದಿ ಆ ಸಂಪುಟವನ್ನಾಗಲಿ ಬಂಡೆಯನ್ನಾಗಲಿ ಕಂಡವರಲ್ಲವೆಂದೇ ನಮ್ಮ ಅನುಮಾನ. ಮತ್ತೊಬ್ಬರು ಉದ್ಧರಿಸಿದ್ದನ್ನು ಉದ್ಧರಿಸುವುದು ರೂಢಿಯಾಗಿದೆ. ಮೊದಲನೆಯವರು ಒಂದು ಅಕ್ಷರವನ್ನು ತಪ್ಪಾಗಿ ಅಚ್ಚು ಹಾಕಿದರೆ ಅದೇ ತಪ್ಪು ಹತ್ತು ಗ್ರಂಥಗಳಲ್ಲಿ ಪ್ರಮಾಣವಾಗಿ ನಿಲ್ಲುತ್ತದೆ. ಕರೀಂನಗರವೋ ಗ್ರಾನೈಟ್ ಗಣಿಗಾರಿಕೆಗೆ ಹೆಸರಾದ ಜಿಲ್ಲೆ. ಬಂಡೆಗಳಿಗೆ ಅಲ್ಲಿ ಬೇರೆಯದೇ ಬೆಲೆಯಿದೆ. ಮೂಲವನ್ನು ಕಣ್ಣಾರೆ ನೋಡಬೇಕೆನ್ನುವವರು ಬೇಗ ಹೋಗಿಬರುವುದು ಲೇಸು.

ನಿಜಾಮರ ಸರ್ಕಾರವು 1914ರಲ್ಲಿ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆಯೊಂದನ್ನು ಸ್ಥಾಪಿಸಿತು. ಮರು ವರ್ಷವೇ, ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಗೋಚರಿಸಿತು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದಕ್ಕೆ ಹೆಸರು ಸಹಿತವಾದ ಸಾಕ್ಷ್ಯ ಮೊದಲು ದೊರೆತದ್ದು ಅಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ‘ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್’ ಎಂಬ ಮಾಲೆಯ ಮೊದಲನೆಯ ಪುಸ್ತಕವಾಗಿ ಅದು ಹೊರಬಂದಿತು. ಅದೇ ಮಾಲೆಯಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳು ಬಂದವು. 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದ ಕೊಪ್ಪಳದ ಕನ್ನಡ ಶಾಸನಗಳು, 1958ರಲ್ಲಿ ಪಿ. ಬಿ. ದೇಸಾಯಿಯವರ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನ ಸಂಗ್ರಹ ಬಂದವು. ಯಜ್ದಾನಿಯವರ ಬೀದರ ಗ್ರಂಥ 1947ರದು. ಕಲ್ಯಾಣ ಕರ್ನಾಟಕದ ಪ್ರಾಚೀನ ಇತಿಹಾಸವನ್ನು ಬರೆಯುವವರು ಇವುಗಳನ್ನು ಬಿಟ್ಟು ಒಂದು ಹೆಜ್ಜೆಯೂ ಇಡಲಾರರು. ಇವೆಲ್ಲವೂ ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಕಗಳಾದ್ದರಿಂದ ಕಷ್ಟಪಟ್ಟರೆ ಎಲ್ಲಿಯಾದರೂ ದೊರೆಯುತ್ತವೆ.

ಅಚ್ಚಾಗದ ಕಾಗದಗಳ ಕಥೆಯೇ ಬೇರೆ. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದವರೆಗೆ ಆಡಳಿತದ ಭಾಷೆ ಫಾರಸಿಯಾಗಿದ್ದಿತು, ಅನಂತರ ಉರ್ದುವಾಯಿತು. ತಾರ್ನಾಕದ ಪತ್ರಾಗಾರದಲ್ಲಿ ಷಹಜಹಾನ್ ಮತ್ತು ಔರಂಗಜೇಬರ ಕಾಲದ ದಖ್ಖಣದ ಕಾಗದಗಳಿಂದ ತೊಡಗಿ ದಫ್ತರ್-ಎ-ದಿವಾನಿ, ದಫ್ತರ್-ಎ-ಮಾಲ್, ದಫ್ತರ್-ಎ-ಮುಲ್ಕಿ ಮೊದಲಾದ ವಿಭಾಗಗಳ ಕಡತಗಳವರೆಗೆ ಲಕ್ಷಗಟ್ಟಲೆ ದಾಖಲೆಗಳಿವೆ. ಯಾವ ಹಳ್ಳಿ ಯಾರಿಗೆ ಜಾಗೀರಾಗಿ ಹೋಯಿತು, ಯಾವ ಮಠಕ್ಕೆ ಎಷ್ಟು ಇನಾಮು ಮುಂದುವರಿಯಿತು, ಬರಗಾಲದಲ್ಲಿ ಎಷ್ಟು ಕಂದಾಯ ಮನ್ನಾ ಆಯಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕಾದ ಜಾಗವಿದು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದಿತೆಂಬುದು ಗೊತ್ತಿರದಿದ್ದರೆ ಕೊಪ್ಪಳದ ಕಂದಾಯವನ್ನು ಎಲ್ಲಿ ಅರಸಬೇಕೆಂಬುದೇ ತೋಚದು. ವರ್ಷಗಳ ಲೆಕ್ಕದಲ್ಲಿಯೂ ಎಡವುವ ಸಂಭವ ಹೆಚ್ಚು. ನಿಜಾಮರ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ, ಅದಕ್ಕೆ ಸ್ಥೂಲವಾಗಿ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಹಿಜರಿಯೆಂದು ಭಾವಿಸಿ ಎಣಿಸಿದವರ ಇತಿಹಾಸ ಸುಮಾರು ಹತ್ತು ವರ್ಷ ಹಿಂದಕ್ಕೆ ಸರಿಯುತ್ತದೆ.

ಒಂದೇ ಸಂಸ್ಥಾನದ ಕಾಗದಗಳು ಎಷ್ಟು ಊರುಗಳಲ್ಲಿ ಚದುರಿರುತ್ತವೆ ಎಂಬುದಕ್ಕೆ ಸುರಪುರವೇ ಸಾಕ್ಷಿ. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರನ್ನು ಎದುರಿಸಿದ ಪ್ರಸಂಗವನ್ನು ಬರೆಯಬೇಕಾದರೆ, ಅವನ ಬಾಲ್ಯದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಆತ್ಮಕಥೆ ಹೇಗೂ ಇದೆ. ಅದು ಎಲ್ಲರ ಕೈಗೂ ಸಿಕ್ಕುವುದರಿಂದ ಎಲ್ಲರೂ ಅದನ್ನೇ ನಂಬಿ ಬರೆಯುತ್ತಾರೆ. ಹೈದರಾಬಾದಿನ ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಲಂಡನ್ನಿಗೆ ಹೋದ ಪತ್ರಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಿಜಾಮರ ಕಡೆಯ ಮಾತು ಇಲ್ಲಿಯ ಉರ್ದು, ಫಾರಸಿ ದಫ್ತರಗಳಲ್ಲಿದೆ. 1956ರಿಂದ ಸಂಪುಟಗಳಾಗಿ ಪ್ರಕಟವಾದ ‘ದಿ ಫ್ರೀಡಂ ಸ್ಟ್ರಗಲ್ ಇನ್ ಹೈದರಾಬಾದ್’ ಒಂದಿಷ್ಟು ಕಾಗದಗಳನ್ನು ಒಟ್ಟಿಗೆ ತಂದಿತು. ಸಾಹೇಬನ ಆತ್ಮಕಥೆಯೊಂದನ್ನೇ ಓದಿ ಸುರಪುರವನ್ನು ಬರೆದರೆ, ನಾಯಕರ ಮನೆತನದ ಬದುಕನ್ನು ಸಾಹೇಬನ ಕಣ್ಣಿನಿಂದಲೇ ನೋಡಿದಂತಾಗುತ್ತದೆ.

ಹೊರಗಿನವರು ಈ ಸಂಗ್ರಹಗಳ ಬೆಲೆಯನ್ನು ನಮಗಿಂತ ಮೊದಲು ಅರಿತರೆಂದು ಹೇಳಿದರೆ ತಪ್ಪಾಗಲಾರದು. ಅಮೆರಿಕೆಯ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖನಿ ಹಾಡುಗಳನ್ನು ಇತಿಹಾಸದ ಆಕರಗಳನ್ನಾಗಿ ಬಳಸಿದ್ದಾರೆ. ವಿಜಯಪುರವನ್ನು ತಿಳಿಯಲು ಅವರಿಗೆ ಹೈದರಾಬಾದಿನ ಹಸ್ತಪ್ರತಿಗಳು ಬೇಕಾದವು. ಬೀಸುವ ಕಲ್ಲಿನ ಪದಗಳನ್ನು ಅಪಾರವಾಗಿ ಸಂಗ್ರಹಿಸಿದ ನಮ್ಮ ಜಾನಪದ ವಿದ್ವಾಂಸರು ಅದೇ ಊರಿನ ದಖನಿ ಬೀಸುವ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದ್ದು ಕಡಿಮೆ. ಲಿಪಿಯ ಗೋಡೆಯೇ ಇದಕ್ಕೆ ಕಾರಣವಲ್ಲದೆ ಆಸಕ್ತಿಯ ಕೊರತೆಯಲ್ಲ.

ಇನ್ನು ಅಂತರಜಾಲದ ಮಾತು. ಇಲ್ಲಿಯೂ ನಮ್ಮ ಊರಿನ ಪಾಲು ದೊಡ್ಡದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರೂ ಕೂಡಿ ಭಾರತದ ಡಿಜಿಟಲ್ ಗ್ರಂಥಾಲಯವನ್ನು ಕಟ್ಟಹೊರಟಾಗ ಹೈದರಾಬಾದಿನ ಐಐಐಟಿ ಅದರ ಮುಖ್ಯ ಕೇಂದ್ರಗಳಲ್ಲೊಂದಾಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಹಳೆಯ ಕನ್ನಡ ಪುಸ್ತಕಗಳು ಆಗ ಚಿತ್ರಗಳಾಗಿ ಗಣಕಯಂತ್ರವನ್ನು ಸೇರಿದವು. 1918ರಲ್ಲಿ ಉರ್ದು ಮಾಧ್ಯಮದ ವಿದ್ಯಾಪೀಠವಾಗಿ ಹುಟ್ಟಿದ ಉಸ್ಮಾನಿಯಾದಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡವನ್ನು ಬೋಧಿಸಿದ್ದರೆಂಬುದನ್ನು ನಮ್ಮ ಹಿರಿಯರು ಬಲ್ಲರು. ಮುಂದೆ ಆ ಡಿಜಿಟಲ್ ಗ್ರಂಥಾಲಯದ ತಾಣ ಮುಚ್ಚಿಹೋಯಿತು, ಪ್ರತಿಗಳು ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹದಲ್ಲಿ ಉಳಿದುಕೊಂಡವು. ಇಂದು ಶಿವಮೊಗ್ಗೆಯಲ್ಲೋ ಷಿಕಾಗೋದಲ್ಲೋ ಕುಳಿತು ಹಳೆಯ ಕನ್ನಡ ಪುಸ್ತಕವೊಂದನ್ನು ತೆರೆದರೆ ಎಷ್ಟೋ ಸಲ ಮೊದಲ ಪುಟದಲ್ಲಿ ಕಾಣುವುದು ಉಸ್ಮಾನಿಯಾ ಗ್ರಂಥಾಲಯದ ಚೀಟಿ, ನಮೂದಿಸಿದ ದಿನಾಂಕದೊಳಗೆ ಪುಸ್ತಕವನ್ನು ಹಿಂದಿರುಗಿಸಬೇಕೆಂಬ ಇಂಗ್ಲಿಷ್ ಸೂಚನೆಯ ಸಮೇತ.

ಆದರೆ ಆ ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಹುಡುಕಬೇಕಲ್ಲ! ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದವರು ಕನ್ನಡ ಬಲ್ಲವರಂತೆ ತೋರುವುದಿಲ್ಲ. ಒಬ್ಬನೇ ಲೇಖಕನ ಹೆಸರು ಹಲವು ಕಾಗುಣಿತಗಳಲ್ಲಿ ಬಿದ್ದಿದೆ. ದೀರ್ಘ ಹ್ರಸ್ವಗಳ ವಿವೇಚನೆಯಿಲ್ಲ, ಳಕಾರ ಲಕಾರಗಳ ಗೋಜಿಲ್ಲ. 2010ರ ದಶಕದ ಮೊದಲ ವರ್ಷಗಳಲ್ಲಿ ‘ಸಂಚಯ’ ಎಂಬ ಕನ್ನಡ ತರುಣರ ತಂಡವು ಸ್ವಯಂಸೇವಕರನ್ನು ಕೂಡಿಸಿ ಉಸ್ಮಾನಿಯಾದ ಮತ್ತು ಡಿಜಿಟಲ್ ಗ್ರಂಥಾಲಯದ ಪುಸ್ತಕಗಳ ಹೆಸರುಗಳನ್ನು ಕನ್ನಡ ಲಿಪಿಗೆ ತಂದು, ‘ಪುಸ್ತಕ ಸಂಚಯ’ದ ಮೂಲಕ ಕನ್ನಡದಲ್ಲಿಯೇ ಹುಡುಕುವಂತೆ ಮಾಡಿತು. ಯಾವ ವಿಶ್ವವಿದ್ಯಾಲಯವೂ ಮಾಡದ ಕೆಲಸವನ್ನು ಸಂಬಳವಿಲ್ಲದ ಹುಡುಗರು ಮಾಡಿದರು. ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದೇ ನಮ್ಮ ಭಾವನೆ.

ಪಿಎಚ್.ಡಿ. ಪ್ರಬಂಧಗಳ ಗತಿಯೂ ಹೆಚ್ಚು ಭಿನ್ನವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದ ಅನ್ವಯ ಪ್ರಬಂಧಗಳ ಗಣಕಪ್ರತಿಯನ್ನು ಒಪ್ಪಿಸುವುದು ಕಡ್ಡಾಯವಾಗಿ, ‘ಶೋಧಗಂಗಾ’ ಎಂಬ ಭಂಡಾರ ತುಂಬತೊಡಗಿತು. ಕನ್ನಡ ಪ್ರಬಂಧಗಳೂ ಅಲ್ಲಿ ಯಥೇಷ್ಟವಾಗಿವೆ. ಆದರೆ ಎಷ್ಟೋ ಪ್ರಬಂಧಗಳನ್ನು ನುಡಿ ಮೊದಲಾದ ಹಳೆಯ ತಂತ್ರಾಂಶಗಳ ಅಕ್ಷರಗಳಲ್ಲಿ ಜೋಡಿಸಲಾಗಿದೆ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಏಕೆಂದರೆ ಆ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದ್ದವು. ಹೀಗಾಗಿ ‘ವತನು’ ಎಂಬ ಶಬ್ದವನ್ನು ಯೂನಿಕೋಡಿನಲ್ಲಿ ಬರೆದು ಹುಡುಕಿದವರಿಗೆ ನೂರು ಕಡೆ ಆ ಶಬ್ದವಿದ್ದ ಪ್ರಬಂಧವೂ ಸಿಕ್ಕುವುದಿಲ್ಲ. ಸಿಕ್ಕದ್ದು ಇಲ್ಲವೆಂದೇ ಲೆಕ್ಕ. ಹೊಸಬರು ಅದೇ ವಿಷಯವನ್ನು ಮೊದಲಿನಿಂದ ಆರಂಭಿಸುತ್ತಾರೆ. ಈಚೆಗೆ ಪ್ರಶ್ನೆ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಅವು ಇಲ್ಲದ ಗ್ರಂಥಕ್ಕೆ ಲೇಖಕರನ್ನೂ ಪುಟಸಂಖ್ಯೆಯನ್ನೂ ಒದಗಿಸಿಕೊಡುವಷ್ಟು ಉದಾರಿಗಳು ಎಂಬ ಎಚ್ಚರ ಬೇಕು. ಅಂತರಜಾಲದಲ್ಲಿ ಆಕರಗಳು ವಿರಳವಾಗಿರುವ ಸುರಪುರ, ಕೊಪ್ಪಳಗಳಂಥ ವಿಷಯಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

2025ರ ಮುಂಗಡಪತ್ರದಲ್ಲಿ ಕೇಂದ್ರ ಸರ್ಕಾರವು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಿತು. ಕಾಗದವು ಚಿತ್ರವಾಗಿ ಉಳಿಯುವುದು ಅಗತ್ಯವೇ. ಆದರೆ ಶಿಕಸ್ತಾ ಎಂಬ ಮುರುಕು ಬರಹದ ಫಾರಸಿಯನ್ನು ಕನ್ನಡದ ಸಂಶೋಧಕನೊಬ್ಬನು ಓದುವಂತಾಗುವುದು ಕ್ಯಾಮೆರಾದ ಕೆಲಸವಲ್ಲ. 1948ರಲ್ಲಿ ಉರ್ದು ಮಾಧ್ಯಮದ ಶಾಲೆಯಲ್ಲಿ ಮೆಟ್ರಿಕ್ ಓದುತ್ತಿದ್ದ ನಮ್ಮವರಿಗೆ ಇಂದು ತೊಂಬತ್ತು ದಾಟಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ನೆಂಟರಲ್ಲಿ ಮರಾಠಿ ಎಂದು ನಾಲ್ಕನ್ನೂ ಸರಾಗವಾಗಿ ಬಲ್ಲ ಆ ತಲೆಮಾರಿನ ಒಬ್ಬರು ಪಕ್ಕದಲ್ಲಿ ಕುಳಿತರೆ ವಿದ್ಯಾರ್ಥಿಯ ಒಂದು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅಂಥವರು ಕೆಲವರಷ್ಟೇ ಉಳಿದಿದ್ದಾರೆ. ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಎರಡೂ ಕೇಂದ್ರ ಸರ್ಕಾರದವೇ. ದಫ್ತರದ ಉರ್ದು ಮತ್ತು ಫಾರಸಿಯನ್ನು ಓದಲು ಕನ್ನಡದ ಸಂಶೋಧಕರಿಗೆ ಆರು ತಿಂಗಳ ತರಬೇತಿಯನ್ನು ಇವೆರಡೂ ಕೂಡಿ ಏರ್ಪಡಿಸಿದರೆ ತಗಲುವ ವೆಚ್ಚ ಆರು ಸಾವಿರ ಕೋಟಿಯ ಎದುರಿಗೆ ಲೆಕ್ಕಕ್ಕೇ ಬಾರದು.

ಸರ್ಕಾರಗಳ ಮಾತು ಹಾಗಿರಲಿ. ಈ ಊರಿನ ಕನ್ನಡ ಮನೆಗಳೂ ಒಂದೊಂದು ಪುಟ್ಟ ಪತ್ರಾಗಾರಗಳೇ. ಮುತ್ಯಾನ ಕಬ್ಬಿಣದ ಟ್ರಂಕಿನಲ್ಲಿ ಸನದು, ಮುಂತಖಬು, ಖಾಸರಾ ಪಹಣಿಯ ನಕಲು, ಮೋಡಿಯಲ್ಲಿ ಬರೆದ ಲೆಕ್ಕ, ನಿಂತುಹೋದ ಕನ್ನಡ ಪತ್ರಿಕೆಗಳ ಸಂಚಿಕೆಗಳು, 1928ರ ಗುಲಬರ್ಗಾ ಅಥವಾ 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಕರೆಯೋಲೆ ಇರುವ ಸಂಭವವುಂಟು. ಬಂಗಲೆ ಮಾರಿ ಫ್ಲ್ಯಾಟಿಗೆ ಹೋಗುವ ಹೊತ್ತಿನಲ್ಲಿ ಇವು ರದ್ದಿಯವನ ತಕ್ಕಡಿಯನ್ನು ಸೇರುತ್ತವೆ, ಓದಲು ಬಾರದ ಕಾಗದವೆಂಬ ಒಂದೇ ಕಾರಣಕ್ಕೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಗದಗಳನ್ನು ಕಟ್ಟಿದ ಕ್ರಮದಲ್ಲಿಯೇ ಇರಗೊಡಿ, ಏಕೆಂದರೆ ಯಾವುದರ ಜೊತೆಗೆ ಯಾವುದಿತ್ತು ಎಂಬುದೂ ಸಂಶೋಧಕರಿಗೆ ಒಂದು ಸುಳಿವು. ಸೆಲ್ಲೋಟೇಪು ಅಂಟಿಸಬೇಡಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಡಿ. ಮೊಬೈಲಿನಲ್ಲಿ ಒಂದೊಂದು ಹಾಳೆಯ ಎರಡೂ ಬದಿಗಳ ಚಿತ್ರ ತೆಗೆದಿಡಿ. ಹಿಂಬದಿಯ ಮೊಹರು ಮತ್ತು ಷರಾಗಳಲ್ಲಿಯೇ ಎಷ್ಟೋ ಸಲ ದಿನಾಂಕವಿರುತ್ತದೆ. ಕಾಗದವು ಯಾವ ಊರಿನ ಯಾವ ಮನೆತನದ್ದೆಂದು ಹಿರಿಯರಿಂದ ಕೇಳಿ ಬೇರೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಕಲಬುರಗಿಯಿಂದಲೋ ಹಂಪಿಯಿಂದಲೋ ಸಂಶೋಧಕರು ತಾರ್ನಾಕಕ್ಕೆ ಬಂದಾಗ ಅವರ ಕೈಯಲ್ಲಿ ಮಾರ್ಗದರ್ಶಕರ ಪರಿಚಯ ಪತ್ರವಿರುತ್ತದೆ, ಆದರೆ ಊರಿನಲ್ಲಿ ಪರಿಚಯದವರಿರುವುದಿಲ್ಲ. ಅಂಥವರು ನಮ್ಮ ಸಂಘವನ್ನು ಸಂಪರ್ಕಿಸಿದರೆ ಉರ್ದು ಬಲ್ಲ ಹಿರಿಯರ ಮನೆಗೆ ನಾವೇ ಕರೆದೊಯ್ಯಬಹುದು. ಅದಕ್ಕೆ ಮೊದಲು ಅಂಥ ಹಿರಿಯರು ಯಾವ ಯಾವ ಬಡಾವಣೆಯಲ್ಲಿ ಇದ್ದಾರೆಂಬ ಪಟ್ಟಿ ನಮ್ಮಲ್ಲಿರಬೇಕು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ 

ಈ ತಿಂಗಳೊಳಗಾಗಿ ಸಂಘದ ಕಚೇರಿಗೆ ತಿಳಿಸಿರಿ.